ಈಜುಕೊಳದ ಗೋಡೆಯಲ್ಲಿ ಗಂಡನ ಕೈ ಸಿಕ್ಕಿಕೊಂಡ ಬಗ್ಗೆ ಸಾಬವ್ವಳ ಹೇಳಿಕೆ

ಹೇಳಿಕೆ ಕೊಡುವವರು: ಸಾಬವ್ವ ಗಂಡ ಮಹಾಲಿಂಗ ಹೊಸಮನಿ, ವಯಸ್ಸು ಅಂದಾಜು 34 ವರ್ಷ, ಉದ್ಯೋಗ: ಮನೆಗೆಲಸ ಮತ್ತು ಕಸ ಗುಡಿಸುವುದು, ಮೂಲ ಊರು: ಅಫಜಲಪುರ ತಾಲೂಕು, ಗುಲ್ಬರ್ಗಾ ಜಿಲ್ಲೆ, ಸದ್ಯ ವಾಸ: ಜಲಮಂದಾರ ಸೊಸೈಟಿ, ಪಂಪ್ ರೂಮಿನ ಹಿಂದಿನ ಖೋಲಿ, ಸಾಸವಡ ರಸ್ತೆ, ಪುಣೆ.

ದಿನಾಂಕ 15-4-2003, ಮಂಗಳವಾರ, ಬೆಳಿಗ್ಗೆ 11-30ಕ್ಕೆ ನಾನಾಗಿಯೇ ಪೊಲೀಸ್ ಚೌಕಿಗೆ ನಡೆದು ಬಂದು ನನ್ನ ಬಾಯಿಯಿಂದ ಹೇಳಿ ಬರೆಸುವುದೇನೆಂದರೆ:

ನನಗೆ ಓದು ಬರಹ ಬರುವುದಿಲ್ಲ. ಮರಾಠಿ ಮಾತಾಡುತ್ತೇನೆ. ಆದರೆ ಮರಾಠಿಯಲ್ಲಿ ಬರೆದ ಕಾಗದದ ಮೇಲೆ ಇನ್ನು ಹೆಬ್ಬೆಟ್ಟು ಒತ್ತುವುದಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಆದ್ದರಿಂದ ಅಕ್ಕಲಕೋಟೆ ಕಡೆಯವರಾದ ಹವಾಲ್ದಾರ ಅವ್ವಣ್ಣನವರು ನನ್ನ ಮಾತನ್ನು ಕನ್ನಡದಲ್ಲಿಯೇ ಬರೆದುಕೊಳ್ಳುತ್ತಿದ್ದಾರೆ. ಅವರು ಗಂಡನ ಹೆಸರು ಕೇಳಿದರು. ನಾನು ಬಾಯಿಬಿಟ್ಟು ಹೇಳುವುದಿಲ್ಲ ಎಂದೆ. ರೇಷನ್ ಕಾರ್ಡು ನೋಡಿ ಬರೆದುಕೊಂಡರು. ಗಡಿಯಾರ ನೋಡಲು ನನಗೆ ಚೆನ್ನಾಗಿ ಬರುತ್ತದೆ. ನಾಲ್ಕು ಮನೆಯ ಪಾತ್ರೆ ತಿಕ್ಕುವವಳು ಗಡಿಯಾರ ನೋಡದಿದ್ದರೆ ನಾಲ್ಕೂ ಕಡೆ ಬೈಸಿಕೊಳ್ಳಬೇಕು. ಕೊಳದ ಎದುರಿನ ಕ್ಲಬ್ ಹೌಸಿನ ಗೋಡೆಗೆ ದೊಡ್ಡ ಗಡಿಯಾರವಿದೆ. ಕೊಳದ ಹತ್ತಿರ ನಡೆದದ್ದಕ್ಕೆಲ್ಲ ನಾನು ಹೇಳುವ ವೇಳೆ ಆ ಗಡಿಯಾರದ್ದು.

ನನ್ನ ಗಂಡ ಆ ಸೊಸೈಟಿಯ ಈಜುಕೊಳವನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಾರೆ. ಕೊಳ 40 ಅಡಿ ಉದ್ದ, 20 ಅಡಿ ಅಗಲ. ಕೆಲಸದವರು ಯಾರೂ ಕೊಳದ ನೀರಿಗೆ ಕಾಲಿಡಬಾರದು ಎಂದು ಸೊಸೈಟಿಯ ನಿಯಮ. ನೀರಿಗೆ ಔಷಧಿ ಹಾಕುವವರು ನಾವು, ಸತ್ತ ಇಲಿ ತೆಗೆಯುವವರು ನಾವು, ಮೆಟ್ಟಿಲು ತಿಕ್ಕುವವರು ನಾವು, ಕಾಲು ಮಾತ್ರ ನಮ್ಮದು ತಾಗಬಾರದು. ಮೊದಲಿದ್ದ ಕೆಲಸದವನು ಒಂದು ದಿನ ಸೆಕೆಗೆ ಮೊಣಕಾಲವರೆಗೆ ಇಳಿದು ಕುಳಿತದ್ದಕ್ಕೆ ಅವನ ಗಂಟುಮೂಟೆಯನ್ನು ಗೇಟಿನ ಹೊರಗೆ ಇಟ್ಟಿದ್ದರು. ಅದೇ ಖೋಲಿಗೆ ನಾವು ಬಂದೆವು.

ತಳ ತೊಳೆಯಲು ಯಾರೂ ಇಳಿಯುವುದು ಬೇಡವೆಂದು ಹೋದ ದಸರೆಗೆ ತಾನೇ ನಡೆದಾಡುವ ಒಂದು ಯಂತ್ರ ತಂದರು. ಬುಟ್ಟಿಯಷ್ಟು ದೊಡ್ಡದು, ಹಿಂದೆ 35 ಅಡಿ ಪೈಪಿನ ಬಾಲ. ಬಾಲದ ತುದಿಯನ್ನು ಕೊಳದ ಗೋಡೆಯಲ್ಲಿರುವ ಬಾಯಿಗೆ ಸಿಕ್ಕಿಸಬೇಕು. ಪಂಪು ಆ ಬಾಯಿಯಿಂದ ನೀರು ಎಳೆಯುತ್ತದೆ. ಆ ಎಳೆತಕ್ಕೆ ಯಂತ್ರ ತಳದ ಮೇಲೆ ತೆವಳುತ್ತ ಕಸ ನುಂಗುತ್ತದೆ. ನಾವು ಅದಕ್ಕೆ ಆಮಿ, ಅಂದರೆ ಆಮೆ, ಎನ್ನುತ್ತೇವೆ. ಗೋಡೆಯ ಬಾಯಿ ನೀರಿನ ಮಟ್ಟದಿಂದ ಒಂದು ಅಡಿ ಕೆಳಗಿದೆ. ಅದರ ಹಿಂದಿನ ಪೈಪು ಮೂರು ಇಂಚಿನದು. ಬಾಲ ತೆಗೆದ ಕೂಡಲೇ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಮುಚ್ಚಳವೊಂದು ಬಾಯಿಗೆ ಇತ್ತು. ಅದು ಜನವರಿಯಲ್ಲಿ ಮುರಿಯಿತು. ನನ್ನ ಗಂಡ ಸೆಕ್ರೆಟರಿ ಕಿಶೋರ ಸಾಹೇಬರಿಗೆ ಮೂರು ಸಲ ಹೇಳಿದರು. ಮೂರು ಸಲವೂ ನೋಡೋಣ ಎಂದರು.

ದಿನಾಂಕ 12-4-2003, ಶನಿವಾರ, ಸಂಜೆ 6 ಗಂಟೆಗೆ ಮಕ್ಕಳ ಈಜು ತರಗತಿ ಶುರುವಾಗುವುದಿತ್ತು. ಹಿಂದಿನ ದಿನ ಗಾಳಿ ಎದ್ದು ಕೊಳದ ತಳದಲ್ಲಿ ಕೆಂಪು ಧೂಳು ಕುಳಿತಿತ್ತು. ಶನಿವಾರ ಬೆಳಿಗ್ಗೆ 11-30ಕ್ಕೆ ಆಮಿ ನಡುನೀರಿನಲ್ಲಿ ನಿಂತುಬಿಟ್ಟಿತು. ನನ್ನ ಗಂಡ ಅದನ್ನು ಹಗ್ಗದಿಂದ ಎಳೆದು ಮೇಲೆ ತೆಗೆದು, ಬೋರಲು ಹಾಕಿ, ಬಾಯಿ ತೊಳೆದು, ಒಳಗಿನ ರಬ್ಬರು ಹರಿದಿಲ್ಲವೆಂದು ನೋಡಿ ಮತ್ತೆ ಬಿಟ್ಟರು. ಎರಡು ಅಡಿ ನಡೆದು ನಿಂತಿತು. ಆಮೇಲೆ ಪೈಪಿನ ಬಾಲವನ್ನು ತುಂಡು ತುಂಡಾಗಿ ನೀರಿನಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ಎಂದು ನೋಡಿದರು. ಒಂದು ಸಂದಿನಲ್ಲಿ ಬಂತು. ಸೈಕಲ್ ಟ್ಯೂಬು ಕೊಯ್ದು ಸುತ್ತಿದರು. ಪಂಪಿನ ಜಾಳಿಗೆ ತೆಗೆದು ಎಲೆ ಚೆಲ್ಲಿದರು. 2-40ಕ್ಕೆ ಕೊಳದಲ್ಲಿ ನೀರೇ ಕಡಿಮೆ ಇದೆ, ಪಂಪು ಗಾಳಿ ನುಂಗುತ್ತಿದೆ ಎಂದು ಹೇಳಿ, ಪಂಪ್ ರೂಮಿನಲ್ಲಿದ್ದ ಬೋರ್ ನೀರಿನ ನಲ್ಲಿಯ ಚಾವಿ ತಿರುಗಿಸಿ ಕೊಳಕ್ಕೆ ನೀರು ಬಿಟ್ಟರು. ಆದರೂ ಆಮಿ ಏಳಲಿಲ್ಲ. ನನ್ನ ಗಂಡ ಊಟಕ್ಕೂ ಬರಲಿಲ್ಲ. ನಾನು ಕಟ್ಟಿಕೊಂಡು ಹೋದ ರೊಟ್ಟಿಯನ್ನು ಕೊಳದ ದಂಡೆಯ ಮೇಲೆ ಇರುವೆ ಮುತ್ತಿದವು. ಯಂತ್ರಕ್ಕೆ ಔಷಧಿ ಕೊಡುವ ಈ ಡಾಕ್ಟರು ಉಪವಾಸ ಸಾಯುತ್ತಾರೆ ಎಂದು ನಾನು ಗೇಲಿ ಮಾಡಿದ್ದೂ ನಿಜ.

3-15ಕ್ಕೆ ಕಿಶೋರ ಸಾಹೇಬರು ಬಂದರು. ಕಂಪನಿಯವರು ಶಿವಾಜಿನಗರದಿಂದ ಸೋಮವಾರವೇ ಬರುವುದು, ಯಂತ್ರ ಐದು ಗಂಟೆಯೊಳಗೆ ನಡೆಯಲೇಬೇಕು ಎಂದು ಹೇಳಿದರು. ಗೋಡೆಯ ಬಾಯಿಯೊಳಗೆ ಏನೋ ಸಿಕ್ಕಿಕೊಂಡಿದೆ, ದಂಡೆಯ ಮೇಲಿಂದ ಅಷ್ಟು ಒಳಗೆ ಕೈ ಎಟುಕುವುದಿಲ್ಲ, ನೀರಿಗೆ ಇಳಿಯಬೇಕಾಗುತ್ತದೆ ಎಂದು ನನ್ನ ಗಂಡ ತಿಳಿಸಿದರು. ಆಗ ಸಾಹೇಬರು ಮರಾಠಿಯಲ್ಲಿ, ಏನು ಮಾಡುತ್ತೀಯೋ ನನಗೆ ಗೊತ್ತಿಲ್ಲ, ಮೆಂಬರುಗಳ ಕಣ್ಣಿಗೆ ಮಾತ್ರ ಬೀಳಬೇಡ ಎಂದು ಹೇಳಿ ಹೋದರು. ಈ ಮಾತನ್ನು ನಾನು ಆರು ಅಡಿ ದೂರದಲ್ಲಿ ಕಸಬರಿಗೆ ಹಿಡಿದು ನಿಂತು ಕೇಳಿದ್ದೇನೆ. ಹಾವು ಸಾಯಬೇಕು, ಕೋಲು ಮುರಿಯಬಾರದು ಎಂಬುದು ಅವರ ಲೆಕ್ಕ. ಹವಾಲ್ದಾರರು ಈ ಗಾದೆ ಬರೆಯುವುದು ಬೇಡ ಎಂದರು, ಬರೆಯಿರಿ ಎಂದು ನಾನು ಹೇಳಿದೆ.

3-50ಕ್ಕೆ ನನ್ನ ಗಂಡ ಅಂಗಿ, ಪ್ಯಾಂಟು ಬಿಚ್ಚಿಟ್ಟು ಚಡ್ಡಿಯಲ್ಲಿ ಇಳಿದರು. ಅವರಿಗೆ ಈಜು ಬರುವುದಿಲ್ಲ. ಕಬ್ಬಿಣದ ಏಣಿ ಹಿಡಿದು ಇಳಿದು, ಗೋಡೆ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಬಾಯಿಯ ಹತ್ತಿರ ಹೋದರು. ಅಲ್ಲಿ ಆಳ ನಾಲ್ಕೂವರೆ ಅಡಿ. ನನ್ನ ಗಂಡ ಐದು ಅಡಿ ಮೂರು ಇಂಚು. ಇಳಿಯುವ ಮೊದಲು ಪಂಪ್ ರೂಮಿಗೆ ಹೋಗಿ, ತಳದ ಪೈಪನ್ನು ಮುಚ್ಚಿ ಎಲ್ಲ ಎಳೆತವೂ ಗೋಡೆಯ ಬಾಯಿಗೇ ಬರುವಂತೆ ಮಾಡಿದ್ದರು. ಪಂಪು ಬಂದ್ ಮಾಡಲಿಲ್ಲ. ಬಂದ್ ಮಾಡಿದರೆ ಅದು ಮತ್ತೆ ನೀರು ಹಿಡಿಯಲು ಮುಕ್ಕಾಲು ಗಂಟೆ ಬೇಕು. ಅದೂ ಅಲ್ಲದೆ, ಪಂಪು ನಡೆಯುತ್ತಿದ್ದರೆ ಮಾತ್ರ ಅಂಗೈ ಇಟ್ಟು ಎಳೆತ ಎಷ್ಟಿದೆ ಎಂದು ತಿಳಿಯಬಹುದು. ಅವರು ನಾಲ್ಕು ವರ್ಷದಿಂದ ಹಾಗೆಯೇ ಮಾಡುತ್ತ ಬಂದಿದ್ದಾರೆ. ಇಳಿಯುವ ಮೊದಲೇ ಎಂದಿನಂತೆ ಪಂಪ್ ರೂಮಿಗೆ ಕೀಲಿಯನ್ನೂ ಹಾಕಿದ್ದರು. ಮೆಂಬರುಗಳ ಮಕ್ಕಳು ಒಳಗೆ ಹೋಗುತ್ತಾರೆಂದು ಒಂದು ನಿಮಿಷವೂ ತೆರೆದಿಡಬಾರದು ಎಂದು ಅವರಿಗೆ ತಾಕೀತು ಇತ್ತು. ಕೀಲಿಕೈಯನ್ನು ಅವರು ಯಾವಾಗಲೂ ಸೊಂಟದ ಉಡದಾರಕ್ಕೆ ಪೋಣಿಸಿ ಕಟ್ಟಿರುತ್ತಾರೆ.

ಅವರು ನಟ್ಟು ಬಿಚ್ಚುವ ಪಾನಾದಿಂದ ಗೋಡೆಯ ಬಾಯಿಯ ಹಿತ್ತಾಳೆ ಬಳೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಳಗೆ ಬಟ್ಟೆಯಂಥದು ಬೆರಳಿಗೆ ತಾಗುತ್ತಿದೆ ಎಂದರು. ಬಲಗೈಯನ್ನು ಒಳಗೆ ಹಾಕಿದರು. 3-58ಕ್ಕೆ, ಸಿಕ್ಕಿತು ಎಂದು ನಕ್ಕರು. ಆ ಬಟ್ಟೆ ಒಳಕ್ಕೆ ಹೋಯಿತೋ ಏನೋ, ಪೈಪು ತೆರೆದುಕೊಂಡಿತು. ಅವರ ಕೈಯನ್ನು ಮೊಣಕೈವರೆಗೆ ಒಮ್ಮೆಲೇ ಎಳೆದುಕೊಂಡಿತು. ಭುಜ ಗೋಡೆಗೆ ಬಡಿಯಿತು. ನೀರು ಅವರ ಗದ್ದಕ್ಕೆ ಇತ್ತು.

8 ನಿಮಿಷ ನಾವಿಬ್ಬರೂ ಸದ್ದಿಲ್ಲದೆ ಜಗ್ಗಿದೆವು. ನಾನು ದಂಡೆಯ ಮೇಲೆ ಬೋರಲು ಮಲಗಿ ಅವರ ಎಡಗೈ ಹಿಡಿದಿದ್ದೆ. ಕೂಗಲೇ ಎಂದು ಕೇಳಿದೆ. ಅವರು, "ಯಾರನ್ನೂ ಕರೀಬ್ಯಾಡ ಸಾಬಿ. ನೀರಾಗ ನೋಡಿದ್ರ ಖೋಲಿ ಹೋತದ" ಎಂದರು. ಎದುರಿನ ಮೂರು ಬಿಲ್ಡಿಂಗುಗಳಲ್ಲಿ ಒಟ್ಟು 36 ಮನೆ. ಬಿಸಿಲಿಗೆ ಎಲ್ಲ ಕಿಟಕಿಗೂ ಪರದೆ ಎಳೆದಿದ್ದರು. ಒಂದು ಕೂಗು ಹಾಕಿದ್ದರೆ ಹತ್ತು ಜನ ಬರುತ್ತಿದ್ದರು. ನಾನು ಕೂಗಲಿಲ್ಲ. ಹವಾಲ್ದಾರರು ಯಾಕೆ ಎಂದು ಎರಡು ಸಲ ಕೇಳಿದರು. ಹೆದರಿಕೆ ಎಂದು ಬರೆದುಕೊಳ್ಳಿ ಎಂದೆ.

4-06ಕ್ಕೆ, ಪಂಪು ಬಂದ್ ಮಾಡದೆ ಕೈ ಬರುವುದಿಲ್ಲ ಎಂದು ಇಬ್ಬರಿಗೂ ಅರ್ಥವಾಯಿತು. ಬೋರ್ ನೀರು ಬರುತ್ತಲೇ ಇತ್ತು. ಪಂಪಿನ ಸ್ವಿಚ್ಚು, ನೀರಿನ ಚಾವಿ ಎರಡೂ ಪಂಪ್ ರೂಮಿನಲ್ಲಿ. ಪಂಪ್ ರೂಮು 60 ಅಡಿ ದೂರದಲ್ಲಿದೆ, ಕಬ್ಬಿಣದ ಬಾಗಿಲು. ಅದರ ಇನ್ನೊಂದು ಕೀಲಿಕೈ ಕಿಶೋರ ಸಾಹೇಬರ ಮನೆಯಲ್ಲಿದೆ. ಅವರ ಮನೆ ಮೂರನೆಯ ಮಹಡಿ. ಓಡಿ ಹೋಗಿ ಬಂದರೆ ಐದು ನಿಮಿಷ ಸಾಕಿತ್ತು. ನಾನು ಹೋಗಲಿಲ್ಲ. ಉಡದಾರದಲ್ಲಿ ಕೀಲಿಕೈ ಇರುವಾಗ ಅವರ ಬಾಗಿಲು ಯಾಕೆ ತಟ್ಟಬೇಕು ಎಂದುಕೊಂಡೆ.

4-09ಕ್ಕೆ ನಾನು ಏಣಿ ಹಿಡಿದು ಸೀರೆಯ ಸಮೇತ ನೀರಿಗೆ ಇಳಿದೆ. ನನಗೆ ನೀರು ಕುತ್ತಿಗೆಗೆ ಬಂತು. ದಂಡೆ ಹಿಡಿದು ಹತ್ತಿರ ಹೋಗಿ ಅವರ ಭುಜ ಹಿಡಿದೆ. ಉಡದಾರ ಕೆಂಪು ರೇಶ್ಮೆಯದು, ದಪ್ಪ, ಶಿವರಾತ್ರಿಯ ದಿನ ಹೊಸದಾಗಿ ಕಟ್ಟಿಕೊಂಡದ್ದು. ಮೂರು ಗಂಟು ಹಾಕಿದ್ದರು. ನೆನೆದು ಗಂಟು ಬಿಗಿದಿತ್ತು. ನಾನು ಉಸಿರು ಹಿಡಿದು ಮುಳುಗಿ ಬಿಚ್ಚುವುದು, ಏಳುವುದು, ಮತ್ತೆ ಮುಳುಗುವುದು ಮಾಡಿದೆ. ಒಂದು ಗಂಟು ಬಿಚ್ಚಿತು. ಉಗುರು ಎರಡು ಹರಿದವು. ಪೈಪು ಕೊಯ್ಯಲು ತಂದಿದ್ದ ಗರಗಸದ ಬ್ಲೇಡು ದಂಡೆಯ ಮೇಲೆ ನನ್ನ ಕೈಗೆ ಎಟುಕುವಂತೆ ಇತ್ತು. ಅವರು ಅದನ್ನು ಕಣ್ಣಿನಿಂದ ತೋರಿಸಿ ದಾರ ಕೊಯ್ಯಲು ಹೇಳಿದರು. ನಾನು ಒಲ್ಲೆ ಎಂದೆ.

ಇದು ಚೌಕಿಯವರಿಗೆ ಹುಚ್ಚುತನ ಎನಿಸಬಹುದು. ನಮ್ಮಲ್ಲಿ ಗಂಡಸಿನ ಉಡದಾರವನ್ನು ಅವನು ಸತ್ತ ಮೇಲೆ ಹರಿಯುತ್ತಾರೆ. ಹೋದ ವರ್ಷ ನನ್ನ ಮಾವ ತೀರಿಕೊಂಡಾಗ, ಮಣ್ಣಿಗೆ ಇಡುವ ಮೊದಲು ಅವರ ಸೊಂಟದ ದಾರ ಹರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ದಾರ ಸವೆದರೂ ಹೊಸದನ್ನು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ತೆಗೆಯುತ್ತಾರೆ, ಒಂದು ಗಳಿಗೆಯೂ ಸೊಂಟ ಬರಿದಾಗಿ ಇರಬಾರದು. ನೀರು ಗಂಡನ ತುಟಿಗೆ ಬಂದಿರುವಾಗ, ಹೆಂಡತಿಯಾದ ನಾನೇ ಅದನ್ನು ಹೇಗೆ ಕೊಯ್ಯಲಿ. ಕೊಯ್ದರೆ ಯಮನನ್ನು ನಾನೇ ಕೈಬೀಸಿ ಕರೆದಂತೆ ಎಂದು ನನಗೆ ಅನಿಸಿತು. ಗಂಟನ್ನೇ ಬಿಚ್ಚುತ್ತ 4-22 ಆಯಿತು.

ಅಷ್ಟರಲ್ಲಿ ಅವರು ಮುಖವನ್ನು ಆಕಾಶಕ್ಕೆ ಮಾಡಿ ಮೂಗಿನಿಂದ ಉಸಿರಾಡುತ್ತಿದ್ದರು. ಮಾತು ನಿಂತಿತ್ತು. ನೀರು ಮೊದಲಿಗಿಂತ ಎರಡು ಬೆರಳು ಏರಿತ್ತು. ಆಗ ನಾನು ನನ್ನ ಸೆರಗಿನ ಅಂಚನ್ನು ಬ್ಲೇಡಿನಿಂದ ಕೊಯ್ದು ಉದ್ದಕ್ಕೆ ಸೀಳಿ, ಅವರ ಸೊಂಟಕ್ಕೆ ಹೊಸ ಉಡದಾರವೆಂದು ಸುತ್ತಿದೆ. ನೀರಿನೊಳಗೆ ಅದು ಎರಡು ಸಲ ಜಾರಿತು. ಗೋಡೆ ಮತ್ತು ಅವರ ಹೊಟ್ಟೆಯ ನಡುವೆ ಕೈ ತೂರಿಸುವುದು ಕಷ್ಟವಾಯಿತು. ಮೂರನೆಯ ಸಲ ಗಂಟು ಬಿದ್ದಿತು. ಆಮೇಲೆ ಹಳೆಯ ದಾರ ಕೊಯ್ದೆ. ಗಡಿಯಾರದಲ್ಲಿ 4-30. ಅವರು ಕಣ್ಣು ಮುಚ್ಚಿ ನನಗೆ, "ಆತಿಲ್ಲೋ ನಿನ್ನ ಸಮಾಧಾನ? ಈಗ ಓಡು" ಎಂದರು. ಬಾಯಿಗೆ ನೀರು ಹೋಗಿ ಕೆಮ್ಮಿದರು.

ನಾನು ಓಡಿದೆ. 4-33ಕ್ಕೆ ಪಂಪು ಬಂದ್ ಮಾಡಿ, ನೀರಿನ ಚಾವಿ ತಿರುಗಿಸಿ ಮುಚ್ಚಿದೆ. ತಿರುಗಿ ಬಂದು ನೋಡಿದರೆ ಅವರ ಮೂಗಿನ ಕೆಳಗೆ ಅರ್ಧ ಬೆರಳು ಜಾಗವಿತ್ತು. ಜಗ್ಗಿದೆ. ಕೈ ಬರಲಿಲ್ಲ. ಎಳೆತ ಹೋಗಿದ್ದರೂ ಒಳಗೆ ಕೈ ಬಾತು ಪೈಪಿಗೆ ಬಿರಡೆ ಹಾಕಿದಂತೆ ಕೂತಿತ್ತು. ಆಗ ನಾನು ಕೂಗಿದೆ. 35 ನಿಮಿಷ ಬಾಯಲ್ಲಿ ಇಟ್ಟುಕೊಂಡ ಕೂಗು ಅದು. ಎರಡನೆಯ ಬಿಲ್ಡಿಂಗಿನ ತ್ರಿವೇಣಿ ಬಾಯಿ ಮೊದಲು ಓಡಿ ಬಂದರು. ಸೀರೆಯಲ್ಲೇ ನೀರಿಗೆ ಇಳಿದು ನನ್ನ ಗಂಡನ ತಲೆಯನ್ನು ಎತ್ತಿ ಹಿಡಿದರು. ಅಗ್ನಿಶಾಮಕ ದಳಕ್ಕೆ ಫೋನು ಮಾಡಿಸಿದವರೂ ಅವರೇ. ಈ ಉಪಕಾರ ಕಾಗದದಲ್ಲಿ ಇರಲಿ.

ಕಿಶೋರ ಸಾಹೇಬರು 4-45ಕ್ಕೆ ಬಂದರು. ಅವರು ನನ್ನನ್ನು ಕೇಳಿದ ಮೊದಲ ಮಾತು, ನೀನೂ ನೀರಿಗೆ ಇಳಿದಿದ್ದೆಯಾ ಎಂಬುದು. ಜನ ಸಾಬೂನು ಹಚ್ಚಿ, ಎಣ್ಣೆ ಸುರಿದು ನೋಡಿದರು. 5-20ಕ್ಕೆ ಅಗ್ನಿಶಾಮಕ ದಳದವರು ಬಂದು, ಹೊರಗಿನಿಂದ ನೆಲ ಅಗೆದು, ಗೋಡೆ ಒಡೆದು, ಪೈಪು ಕೊಯ್ದರು. 6-05ಕ್ಕೆ ಕೈ ಬಿಡುಗಡೆಯಾಯಿತು. ಆ ಹೊತ್ತಿಗೆ ಈಜು ಕಲಿಯುವ ಮಕ್ಕಳು ಹೊಸ ಚಡ್ಡಿ ಹಾಕಿಕೊಂಡು ಟವೆಲ್ ಹಿಡಿದು ನಿಂತಿದ್ದರು. ಅವರ ತಾಯಂದಿರು ಕಣ್ಣು ಮುಚ್ಚಿಸಿ ಕರೆದುಕೊಂಡು ಹೋದರು. ಕೈ ಕಪ್ಪಾಗಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಡಾಕ್ಟರು, ಕೈಯಲ್ಲಿ ರಕ್ತ ಓಡುತ್ತಿಲ್ಲ, ತೆಗೆಯದಿದ್ದರೆ ಜೀವಕ್ಕೆ ಅಪಾಯ ಎಂದು ಹೇಳಿದರು. ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಲು ಹೇಳಿದರು. ಒತ್ತಿದೆ. ಅಲ್ಲಿಯೇ ನಿಂತಿದ್ದ ಕಿಶೋರ ಸಾಹೇಬರು ಇನ್ನೊಂದು ಕಾಗದವನ್ನು ಅದರ ಪಕ್ಕಕ್ಕೆ ಇಟ್ಟು, ಇದೂ ಬೇಕು, ಬೇಗ ಮಾಡು ಎಂದರು. ಬೆರಳಿನ ಮಸಿ ಇನ್ನೂ ಆರಿರಲಿಲ್ಲ. ಅದಕ್ಕೂ ಒತ್ತಿದೆ. ಅದೂ ಕೈಯದೇ ಕಾಗದ ಎಂದು ತಿಳಿದೆ. ಮರಾಠಿಯಲ್ಲಿ ಬರೆದ ಆ ಕಾಗದ ನಿನ್ನೆ ಈ ಚೌಕಿಗೆ ಬಂದಿದೆ. ನನ್ನ ಗಂಡ ಕುಡಿದು, ಯಾರಿಗೂ ಹೇಳದೆ, ಮೋಜಿಗಾಗಿ ಈಜಲು ಇಳಿದಿದ್ದರು ಎಂದು ಅದರಲ್ಲಿ ನಾನು ಹೇಳಿದಂತೆ ಬರೆದಿದೆ ಎಂದು ಹವಾಲ್ದಾರರು ಓದಿ ತಿಳಿಸಿದರು. ನಾನು ಹಾಗೆ ಹೇಳಿಲ್ಲ. ಆ ಹೆಬ್ಬೆಟ್ಟು ನನ್ನದು, ಮಾತು ನನ್ನದಲ್ಲ. ಏಣಿ ಬಿಟ್ಟು ಎರಡು ಹೆಜ್ಜೆ ಇಡಲು ಹೆದರುವ ಮನುಷ್ಯ ಮೋಜಿಗೆ ಈಜುವುದು ಹೇಗೆ. ಅವರು ಸೊಸೈಟಿಯ ಕೆಲಸಕ್ಕೆ ಇಳಿದರು, ಸೆಕ್ರೆಟರಿಯವರಿಗೆ ತಿಳಿಸಿಯೇ ಇಳಿದರು. ಖೋಲಿ ಹೋದರೆ ಹೋಗಲಿ. ಮಾಡಿದ ಕೆಲಸದ ಮೇಲೆ ಕುಡುಕ ಎಂಬ ಹೆಸರು ಕೂರಬಾರದು. ಆ ಕಾಗದವನ್ನು ರದ್ದು ಮಾಡಿ ಇದನ್ನು ಇಟ್ಟುಕೊಳ್ಳಬೇಕೆಂದು ಕೇಳುತ್ತೇನೆ.

ನನ್ನ ಕಡೆಯ ತಪ್ಪನ್ನೂ ನಾನು ಮುಚ್ಚಿಟ್ಟಿಲ್ಲ. ಭಾನುವಾರ ನಾನು ಡಾಕ್ಟರನ್ನು, ಇಪ್ಪತ್ತು ನಿಮಿಷ ಮೊದಲು ಪಂಪು ನಿಂತಿದ್ದರೆ ಕೈ ಉಳಿಯುತ್ತಿತ್ತೇ ಎಂದು ಕೇಳಿದೆ. ಅವರು, ಹೇಳಲಾಗುವುದಿಲ್ಲ ಬಾಯಿ ಎಂದರು. ಹೌದು ಎಂದಿದ್ದರೆ ತಲೆ ಚಚ್ಚಿಕೊಂಡು ಅಳುತ್ತಿದ್ದೆ, ಇಲ್ಲ ಎಂದಿದ್ದರೆ ದೇವರಿಗೆ ಕೈ ಮುಗಿಯುತ್ತಿದ್ದೆ. ಎರಡೂ ಇಲ್ಲದೆ ನಿಂತಿದ್ದೇನೆ.

ನಾಳೆ ಬೆಳಿಗ್ಗೆ 10 ಗಂಟೆಗೆ ಹವಾಲ್ದಾರರು ಆಸ್ಪತ್ರೆಗೆ ಹೋಗಿ ನನ್ನ ಗಂಡನ ಹೇಳಿಕೆ ಪಡೆಯುವುದಾಗಿ ಹೇಳಿದ್ದಾರೆ. ಅದಕ್ಕೆ ಸಂಬಂಧಿಸಿ ಒಂದು ವಿನಂತಿ ಇದೆ. ಈ ಹೇಳಿಕೆಯನ್ನು ಅವರ ಮುಂದೆ ಓದಬಾರದು. ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ ಎಂಬುದು ಅವರಿಗೆ ಇನ್ನೂ ಗೊತ್ತಿಲ್ಲ. ಮದ್ದಿನ ಮಂಪರಿನಲ್ಲಿ ಇದ್ದಾರೆ, ದಪ್ಪ ಬಟ್ಟೆ ಸುತ್ತಿ ಮೇಲೆ ಚಾದರ ಹೊದಿಸಿದ್ದಾರೆ. ನಿನ್ನೆ ಮಧ್ಯಾಹ್ನ ಎಚ್ಚರವಾದಾಗ ನನ್ನನ್ನು ಕರೆದು, "ಸಾಬಿ, ಕಿರುಬೆರಳು ಭಾಳ ತುರಸ್ಲಕತ್ತದ. ಸ್ವಲ್ಪ ಕೆರಿ" ಎಂದರು. ನಾನು ಚಾದರದೊಳಗೆ ಕೈ ಹಾಕಿ, ಏನೂ ಇಲ್ಲದಲ್ಲಿ ಹಾಸಿಗೆಯನ್ನು ಕೆರೆದೆ. ಈಗ ಆರಾಮಾಯಿತು ಎಂದು ಹೇಳಿ ಮಲಗಿದರು. ನಾಳೆ ನಾನು 8 ಗಂಟೆಗೆ ಹೋಗಿ ಹೇಳುತ್ತೇನೆ. ಹವಾಲ್ದಾರರು 10ಕ್ಕಿಂತ ಮೊದಲು ಬರಬಾರದು.

ಇಲ್ಲಿಯವರೆಗಿನದನ್ನು ಹವಾಲ್ದಾರ ಅವ್ವಣ್ಣನವರು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದ್ದೆಲ್ಲ ಇದರಲ್ಲಿದೆ, ಹೇಳದ್ದು ಒಂದಕ್ಷರವೂ ಸೇರಿಲ್ಲ. ನಡೆದದ್ದು ಇದೇ ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಪೊಲೀಸ್ ಚೌಕಿ, ಸಾಸವಡ ರಸ್ತೆ, ಪುಣೆ
ದಿನಾಂಕ: 15-4-2003, ಮಧ್ಯಾಹ್ನ 1-40
ಸಾಬವ್ವ ಗಂಡ ಮಹಾಲಿಂಗ ಇವಳ ಎಡಗೈ ಹೆಬ್ಬೆಟ್ಟಿನ ಗುರುತು
ಬರೆದುಕೊಂಡವರು: ಅವ್ವಣ್ಣ, ಹವಾಲ್ದಾರ